‘ಅಬಾರ್ಷನ್ ಸರಿಯೋ ತಪ್ಪೋ?’ ಎಂದು ಮಕ್ಕಳು ಕೇಳಿದಾಗ

ಈ ತಿಂಗಳ ವಿಷಯ ಸ್ವಲ್ಪ ಭಾರದ್ದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಅಂಕಣ ಓದುವ ಅಭ್ಯಾಸ ನಿಮಗಿದ್ದರೆ, ಈ ಸಲ ಮೊದಲು ನೀವೊಬ್ಬರೇ ಓದಿ. ಆಮೇಲೆ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ನೀವೇ ನಿರ್ಧರಿಸಿ.

ದುಬೈ, ಅಬುಧಾಬಿಯ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಎಂಟನೆಯೋ ಒಂಬತ್ತನೆಯೋ ಗ್ರೇಡಿಗೆ ಬರುವಷ್ಟರಲ್ಲಿ ಈ ಪ್ರಶ್ನೆ ಮನೆಗೆ ಬಂದೇ ಬರುತ್ತದೆ. ಡಿಬೇಟ್ ಕ್ಲಬ್ಬಿನಿಂದ ಬರಬಹುದು, ಅಮೆರಿಕನ್ ಸುದ್ದಿಯ ಒಂದು ನಿಮಿಷದ ವಿಡಿಯೊದಿಂದ ಬರಬಹುದು. ತರಗತಿಯಲ್ಲಿ ಪಕ್ಕದಲ್ಲಿ ಕೂರುವ ಲೆಬನಾನಿನ, ಫಿಲಿಪೀನ್ಸಿನ, ಐರ್ಲೆಂಡಿನ ಗೆಳತಿಯಿಂದಲೂ ಬರಬಹುದು. ಪ್ರಶ್ನೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ: ಅಬಾರ್ಷನ್ ಸರಿಯೋ ತಪ್ಪೋ? ಬಾಲಕ್ಕೆ ಇನ್ನೊಂದು ಅಂಟಿಕೊಂಡಿರುತ್ತದೆ: ಸೈನ್ಸ್ ಏನು ಹೇಳುತ್ತದೆ?

ಈ ಎರಡನೆಯ ಪ್ರಶ್ನೆ ನನ್ನಂತಹ ಲ್ಯಾಬಿನವರ ಕಡೆಗೇ ತಿರುಗುತ್ತದೆ. ‘ನೀನು ಪಿಎಚ್‌.ಡಿ. ಮಾಡಿದವಳಲ್ವಾ, ನೀನೇ ಹೇಳು’ ಎನ್ನುತ್ತಾರೆ. ವಿಜ್ಞಾನ ಹೇಳುವುದು ಬಹಳಷ್ಟಿದೆ. ಆದರೆ ಮಗು ಕೇಳಿದ ಮೊದಲ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ. ಈ ವಾದದಲ್ಲಿ ಮೂರು ಬೇರೆ ಬೇರೆ ಲೆಕ್ಕಗಳಿವೆ: ವಿಜ್ಞಾನದ್ದು ಒಂದು, ನಂಬಿಕೆಯದು ಒಂದು, ಕಾನೂನಿನದು ಒಂದು. ಜಗಳವೆಲ್ಲ ಹುಟ್ಟುವುದು ಒಂದರ ಲೆಕ್ಕವನ್ನು ಇನ್ನೊಂದರ ಖಾತೆಗೆ ಬರೆದಾಗ. ಮಕ್ಕಳಿಗೆ ನಾವು ಕೊಡಬಹುದಾದ ದೊಡ್ಡ ಸಹಾಯವೆಂದರೆ ಈ ಮೂರನ್ನೂ ಬಿಡಿಸಿ ತೋರಿಸುವುದು.

ಮೊದಲು ಪದದ ತೊಡಕು

ಕನ್ನಡದಲ್ಲಿ ಮಾತಾಡಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಇಂಗ್ಲಿಷಿನಲ್ಲಿ ಎರಡು ಪದಗಳಿಂದ ಹೇಳುವುದನ್ನು ನಾವು ‘ಗರ್ಭಪಾತ’ ಎಂಬ ಒಂದೇ ಪದದಿಂದ ಹೇಳುತ್ತೇವೆ. ತಾನಾಗಿ ಕಳೆದುಹೋದ ಬಸಿರೂ ಗರ್ಭಪಾತ, ವೈದ್ಯರ ಬಳಿ ಹೋಗಿ ತೆಗೆಸಿಕೊಂಡದ್ದೂ ಗರ್ಭಪಾತ. ಇಂಗ್ಲಿಷ್ ಪದವನ್ನು ಎರವಲು ತಂದರೂ ಹಳೆಯ ಅಭ್ಯಾಸ ಬಿಟ್ಟಿಲ್ಲ. ‘ಅವಳಿಗೆ ಮೂರನೇ ತಿಂಗಳಲ್ಲಿ ಅಬಾರ್ಷನ್ ಆಯ್ತಂತೆ’ ಎಂದು ಅಜ್ಜಿ ಫೋನಿನಲ್ಲಿ ಹೇಳಿದರೆ, ಹೆಚ್ಚಾಗಿ ಅದು ತಾನಾಗಿ ಆದದ್ದು. ಇಲ್ಲೇ ಬೆಳೆದ ಮಗು ಆ ಮಾತು ಕೇಳಿಸಿಕೊಂಡರೆ ಏನು ಅರ್ಥ ಮಾಡಿಕೊಳ್ಳುತ್ತದೆ, ಯೋಚಿಸಿ. ಅತ್ತೆಯೋ ಚಿಕ್ಕಮ್ಮನೋ ಬೇಕೆಂದೇ ಮಾಡಿಸಿಕೊಂಡರು ಎಂದು ಅದು ತಿಳಿಯಬಹುದು. ದುಃಖದಲ್ಲಿರುವವರ ಬಗ್ಗೆ ಮಗುವಿನ ಮನಸ್ಸಿನಲ್ಲಿ ತೀರ್ಪೊಂದು ಕೂತುಬಿಡುತ್ತದೆ.

ಕನ್ನಡದ ನಾಮಪದ ಮುಚ್ಚಿಟ್ಟದ್ದನ್ನು ಕ್ರಿಯಾಪದ ಬಿಚ್ಚಿ ಹೇಳುತ್ತದೆ. ‘ಆಯಿತು’ ಎಂದರೆ ತಾನಾಗಿ ಆದದ್ದು, ‘ಮಾಡಿಸಿಕೊಂಡಳು’ ಎಂದರೆ ನಿರ್ಧರಿಸಿ ಮಾಡಿಸಿದ್ದು. ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ್ದು ಈ ಎರಡು ಕ್ರಿಯಾಪದಗಳನ್ನು. ಬೇಕಿದ್ದರೆ ಮೊದಲನೆಯದಕ್ಕೆ ‘ಗರ್ಭಸ್ರಾವ’ ಅಥವಾ ‘ಬಸಿರು ನಿಲ್ಲಲಿಲ್ಲ’ ಎನ್ನಿ, ಎರಡನೆಯದಕ್ಕೆ ‘ಗರ್ಭ ತೆಗೆಸುವುದು’ ಎನ್ನಿ. ವೈದ್ಯರಿಗೆ ತಿಳಿದುಬರುವ ಬಸಿರುಗಳಲ್ಲಿ ಸುಮಾರು ನೂರಕ್ಕೆ ಹತ್ತರಿಂದ ಇಪ್ಪತ್ತು ತಾನಾಗಿಯೇ ಕಳೆದುಹೋಗುತ್ತವೆ. ಅಂದರೆ ನಿಮ್ಮ ಮಕ್ಕಳಿಗೆ ಗೊತ್ತಿರುವ ಹಲವು ಮನೆಗಳಲ್ಲಿ ಇದು ನಡೆದಿದೆ.

ಇಷ್ಟು ಹೇಳಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ‘ಆಗುವುದು’ ಮತ್ತು ‘ಮಾಡಿಸುವುದು’ ಮಾತಿನಲ್ಲಿ ಬೇರೆಬೇರೆಯಾದರೂ ಆಸ್ಪತ್ರೆಯ ಹಾಸಿಗೆಯ ಮೇಲೆ ಯಾವಾಗಲೂ ಬೇರೆಬೇರೆ ಇರುವುದಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮಂತೆಯೇ ಹೊರದೇಶಕ್ಕೆ ಹೋಗಿ ನೆಲೆಸಿದ್ದ ಒಂದು ಕನ್ನಡ ಕುಟುಂಬದ ಕಥೆ.

ಬೆಳಗಾವಿಯಿಂದ ಗಾಲ್ವೆಗೆ

ಸವಿತಾ ಹಾಲಪ್ಪನವರ್ ಹೆಸರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬೆಳಗಾವಿಯ ಹುಡುಗಿ, ದಂತವೈದ್ಯೆ, ಪತಿಯೊಂದಿಗೆ ಐರ್ಲೆಂಡಿನ ಗಾಲ್ವೆಯಲ್ಲಿ ನೆಲೆಸಿದ್ದರು. ವಯಸ್ಸು 31. ಬಯಸಿ ಪಡೆದ ಬಸಿರು, ಹದಿನೇಳನೆಯ ವಾರ. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಯೂನಿವರ್ಸಿಟಿ ಹಾಸ್ಪಿಟಲ್ ಗಾಲ್ವೆಗೆ ಹೋದರು. ಬಸಿರು ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ನೀರಿನ ಚೀಲ ಒಡೆಯಿತು. ಮಗು ಉಳಿಯುವುದಿಲ್ಲವೆಂದಾದರೆ ಇದನ್ನು ಮುಗಿಸಿಬಿಡಿ ಎಂದು ದಂಪತಿ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ, ಹಾಗಾಗಿ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಆ ಮಿಡಿತ ನಿಂತದ್ದು 24ರಂದು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಹರಡಿತ್ತು. 28ರಂದು ಸವಿತಾ ತೀರಿಕೊಂಡರು.

ಇಲ್ಲಿ ಬಸಿರು ಕಳೆದುಹೋಗುತ್ತಿತ್ತು, ಅದು ‘ಆಗುತ್ತಿತ್ತು’. ಅವರು ಕೇಳಿದ್ದು ಆಗುತ್ತಿರುವುದನ್ನು ಬೇಗ ಮುಗಿಸಿ ಎಂದು. ಆದರೆ ಆ ದೇಶದ ಕಾನೂನಿನ ಕಣ್ಣಿಗೆ ಅದು ‘ಮಾಡಿಸುವುದು’ ಆಗಿ ಕಂಡಿತು. 1983ರಲ್ಲಿ ಜನಮತ ಪಡೆದು ಐರಿಶ್ ಸಂವಿಧಾನಕ್ಕೆ ಸೇರಿಸಿದ ಎಂಟನೇ ತಿದ್ದುಪಡಿ ತಾಯಿಯ ಜೀವ ಮತ್ತು ಹುಟ್ಟದ ಜೀವ ಎರಡಕ್ಕೂ ಸಮಾನ ಹಕ್ಕು ಕೊಟ್ಟಿತ್ತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ ಗರ್ಭ ತೆಗೆಯಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಹೇಳಿತ್ತು. ಆ ತೀರ್ಪನ್ನು ವಾರ್ಡಿನಲ್ಲಿ ಹೇಗೆ ಜಾರಿಗೆ ತರಬೇಕೆಂದು ಸಂಸತ್ತು ಇಪ್ಪತ್ತು ವರ್ಷವಾದರೂ ಬರೆಯಲಿಲ್ಲ. ಅಪಾಯ ಎಷ್ಟಾದಾಗ ‘ಗಣನೀಯ’? ಜ್ವರ ಬಂದಾಗಲೇ, ರಕ್ತದೊತ್ತಡ ಇಳಿದಾಗಲೇ? ಅದನ್ನು ರಾತ್ರಿಪಾಳಿಯ ವೈದ್ಯರು ನಿರ್ಧರಿಸಬೇಕಿತ್ತು, ತಪ್ಪಿದರೆ ಜೈಲಿನ ಭಯ.

ನ್ಯಾಯವಾಗಿ ಹೇಳಬೇಕೆಂದರೆ ಇನ್ನೊಂದು ಮಾತನ್ನೂ ಸೇರಿಸಬೇಕು. ಈ ಸಾವಿಗೆ ಕಾನೂನು ಕಾರಣವಲ್ಲ, ಸೋಂಕನ್ನು ಸರಿಯಾಗಿ ನೋಡಿಕೊಳ್ಳದ್ದೇ ಕಾರಣ ಎಂದು ವಾದಿಸಿದವರಿದ್ದಾರೆ. 2013ರ ತನಿಖಾ ವರದಿ ಎರಡನ್ನೂ ದಾಖಲಿಸಿತು. ರೋಗಿಯ ಮೇಲೆ ನಿಗಾ ಸಾಲದೆ ಹೋಯಿತು, ಸೋಂಕಿನ ಚಿಕಿತ್ಸಾ ನಿಯಮಗಳನ್ನು ಪಾಲಿಸಲಿಲ್ಲ ಎಂದಿತು. ಭ್ರೂಣದ ಹೃದಯ ನಿಲ್ಲುವವರೆಗೆ ಮಧ್ಯಪ್ರವೇಶಿಸಬಾರದು ಎಂಬುದಕ್ಕೇ ಅತಿಯಾದ ಒತ್ತು ಬಿತ್ತು ಎಂದೂ ಹೇಳಿತು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಅರ್ಥದ ಮಾತನ್ನು ತಾನು ಆಡಿದ್ದು ನಿಜ, ಆದರೆ ಅದು ನೋಯಿಸಲಿಕ್ಕಲ್ಲ, ಅಲ್ಲಿನ ಸಂಸ್ಕೃತಿಯನ್ನು ವಿವರಿಸಲಿಕ್ಕೆ ಎಂದು ದಾದಿಯೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ತಾಯಿಯ ಜೀವಕ್ಕಿಂತ ಮಗುವಿನ ಜೀವ ಮೇಲು ಎಂದು ನಾವು ಎಂದೂ ಬೋಧಿಸಿಲ್ಲ ಎಂದು ಐರಿಶ್ ಬಿಷಪ್ಪರು ಹೇಳಿಕೆ ಕೊಟ್ಟರು. ಧರ್ಮ ಹೇಳಿದ್ದು ಒಂದು, ಕಾನೂನು ಬರೆದದ್ದು ಇನ್ನೊಂದು, ವಾರ್ಡಿಗೆ ಬಂದು ಮುಟ್ಟಿದ್ದು ಮೂರನೆಯದು.

2018ರ ಮೇ 25ರಂದು ಐರ್ಲೆಂಡ್ ಮತ್ತೆ ಜನಮತ ಕೇಳಿತು. ಬೆಳಗಾವಿಯಿಂದ ಸವಿತಾ ಅವರ ತಂದೆ ತಾಯಿ ಆ ತಿದ್ದುಪಡಿಯನ್ನು ತೆಗೆಯಿರಿ ಎಂದು ಐರಿಶ್ ಮತದಾರರನ್ನು ಕೇಳಿಕೊಂಡರು. ಶೇಕಡ 66.4ರಷ್ಟು ಜನ ಹೌದೆಂದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಸವಿತಾ ಅವರ ಮುಖದ ಸುತ್ತ ಜನ ಕ್ಷಮೆ ಕೇಳಿ ನೂರಾರು ಚೀಟಿ ಅಂಟಿಸಿದರು. 2019ರ ಜನವರಿ 1ರಿಂದ ಅಲ್ಲಿ ಹನ್ನೆರಡು ವಾರಗಳವರೆಗೆ ಕಾರಣ ಕೇಳದೆ ಗರ್ಭ ತೆಗೆಸಿಕೊಳ್ಳಲು ಅವಕಾಶವಿದೆ.

ಹೊರದೇಶದಲ್ಲಿರುವ ನಮಗೆ ಇದರಲ್ಲಿ ಒಂದು ಪಾಠವಿದೆ. ಸವಿತಾ ಐರಿಶ್ ಅಲ್ಲ, ಕ್ಯಾಥೊಲಿಕ್ ಅಲ್ಲ. ಆದರೂ ಅವರ ದೇಹಕ್ಕೆ ಅನ್ವಯಿಸಿದ್ದು ಅವರಿದ್ದ ನೆಲದ ಕಾನೂನು. ನಮ್ಮ ನಂಬಿಕೆ ನಮ್ಮ ಜೊತೆ ವಿಮಾನ ಹತ್ತಿ ಬರುತ್ತದೆ, ನಮ್ಮ ಊರಿನ ಕಾನೂನು ಬರುವುದಿಲ್ಲ.

ವಿಜ್ಞಾನದ ಲೆಕ್ಕ

ಈಗ ಸೈನ್ಸ್ ಏನು ಹೇಳುತ್ತದೆ ನೋಡೋಣ. ಮೊದಲು ಎಣಿಕೆಯ ಗುಟ್ಟು: ವೈದ್ಯರು ಬಸಿರಿನ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಜವಾಗಿ ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಆದ್ದರಿಂದ ‘ಆರು ವಾರ’ ಎಂದರೆ ಭ್ರೂಣದ ವಯಸ್ಸು ನಾಲ್ಕು ವಾರ. ಎಷ್ಟೋ ಹೆಂಗಸರಿಗೆ ಬಸಿರಾಗಿರುವುದು ಗೊತ್ತಾಗುವುದೇ ಆ ಹೊತ್ತಿಗೆ.

ಅಂಡ ಮತ್ತು ವೀರ್ಯಾಣು ಸೇರಿದಾಗ ಹೊಸ ವಂಶವಾಹಿಗಳ ಒಂದು ಜೋಡಣೆ ಹುಟ್ಟುತ್ತದೆ. ಇದು ಸತ್ಯ. ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಸುಮಾರು ಆರರಿಂದ ಹತ್ತು ದಿನ ಬೇಕು. ಅಂಟದೆಯೇ, ಯಾರಿಗೂ ತಿಳಿಯದೆಯೇ ಹೋಗುವವು ಬಹಳ. ಸುಮಾರು ಹದಿನಾಲ್ಕನೇ ದಿನದವರೆಗೆ ಒಂದೇ ಭ್ರೂಣ ಎರಡಾಗಿ ಒಡೆದು ಅವಳಿಗಳಾಗಬಹುದು. ವೈದ್ಯರ ಲೆಕ್ಕದ ಆರನೇ ವಾರದ ಆಸುಪಾಸು ಸ್ಕ್ಯಾನಿನಲ್ಲಿ ಮಿಡಿತ ಕಾಣಿಸುತ್ತದೆ, ಆದರೆ ನಾಲ್ಕು ಕೋಣೆಯ ಹೃದಯ ರೂಪುಗೊಳ್ಳಲು ಇನ್ನೂ ಕೆಲವು ವಾರ ಬೇಕು. ಹದಿನಾರರಿಂದ ಇಪ್ಪತ್ತನೇ ವಾರದೊಳಗೆ ತಾಯಿಗೆ ಮಗುವಿನ ಚಲನೆ ತಿಳಿಯುತ್ತದೆ. ಒಳ್ಳೆಯ ನವಜಾತ ಶಿಶು ಘಟಕವಿದ್ದರೆ ಇಪ್ಪತ್ತನಾಲ್ಕನೇ ವಾರದ ಆಸುಪಾಸು ಹುಟ್ಟಿದ ಮಗು ಬದುಕಬಹುದು. ಕೆಲವೆಡೆ ಇಪ್ಪತ್ತೆರಡಕ್ಕೂ ಬದುಕಿವೆ. ಮಿದುಳಿನ ಹೊರಪದರಕ್ಕೆ ಸಂವೇದನೆ ತಲುಪಿಸುವ ನರಗಳ ಸಂಪರ್ಕ ಸ್ಥೂಲವಾಗಿ ಆ ಹೊತ್ತಿಗೇ ಕೂಡಿಕೊಳ್ಳತೊಡಗುತ್ತದೆ. ನೋವಿನ ಅನುಭವ ಯಾವಾಗ ಆರಂಭ ಎಂಬುದರಲ್ಲಿ ತಜ್ಞರಲ್ಲೇ ಭಿನ್ನಮತವಿದೆ.

ಇವೆಲ್ಲ ದಾರಿಯುದ್ದಕ್ಕೂ ನೆಟ್ಟ ಮೈಲಿಗಲ್ಲುಗಳು. ಯಾವ ಕಲ್ಲಿನ ಬಳಿ ‘ಇಲ್ಲಿಂದ ಮುಂದೆ ಇದು ವ್ಯಕ್ತಿ’ ಎಂದು ಬೋರ್ಡು ಹಾಕಬೇಕು? ಅದನ್ನು ಅಳೆಯುವ ಉಪಕರಣ ಯಾವ ಲ್ಯಾಬಿನಲ್ಲೂ ಇಲ್ಲ. ‘ವಿಜ್ಞಾನದ ಪ್ರಕಾರ ಜೀವ ಶುರುವಾಗುವುದು ಮೊದಲ ದಿನವೇ’ ಎನ್ನುವವರೂ ‘ವಿಜ್ಞಾನದ ಪ್ರಕಾರ ಅದು ಬರೀ ಜೀವಕೋಶಗಳ ಮುದ್ದೆ’ ಎನ್ನುವವರೂ ಒಂದು ಮೈಲಿಗಲ್ಲನ್ನು ಆರಿಸಿಕೊಂಡಿದ್ದಾರೆ. ಕಲ್ಲು ವಿಜ್ಞಾನದ್ದು, ಆಯ್ಕೆ ಅವರದು. ಮಗನೋ ಮಗಳೋ ಡಿಬೇಟಿಗೆ ತಯಾರಾಗುವಾಗ ಇದೊಂದನ್ನು ಹೇಳಿಕೊಡಿ.

ನಂಬಿಕೆಯ ಲೆಕ್ಕ

ನಾವಿರುವ ದೇಶದಲ್ಲಿ ಮುಖ್ಯವಾದ ಸಂಖ್ಯೆ 120. ತಾಯಿಯ ಗರ್ಭದಲ್ಲಿ ಮೂರು ನಲವತ್ತು ದಿನಗಳ ಹಂತಗಳು ಕಳೆದ ಮೇಲೆ ಆತ್ಮ ಊದಲ್ಪಡುತ್ತದೆ ಎಂಬ ಹದೀಸ್ ಬುಖಾರಿ, ಮುಸ್ಲಿಂ ಸಂಗ್ರಹಗಳೆರಡರಲ್ಲೂ ಇದೆ. ಇದರ ಮೇಲೆ ಇಸ್ಲಾಮಿನ ನ್ಯಾಯಪಂಥಗಳು ಬೇರೆ ಬೇರೆ ನಿಲುವು ತಳೆದಿವೆ. ಹನಫಿ ಪಂಥದ ಹಲವು ವಿದ್ವಾಂಸರು ತಕ್ಕ ಕಾರಣವಿದ್ದರೆ 120 ದಿನದೊಳಗೆ ಅವಕಾಶ ಕೊಟ್ಟರೆ, ಮಾಲಿಕಿಗಳು ಆರಂಭದಿಂದಲೇ ಬಿಗಿ. ಆ ಗಡಿ ದಾಟಿದ ಮೇಲೆ ತಾಯಿಯ ಜೀವ ಉಳಿಸಲು ಮಾತ್ರ ಎಂಬುದರಲ್ಲಿ ಹೆಚ್ಚಿನವರು ಒಂದಾಗುತ್ತಾರೆ. ಭಟ್ಕಳ, ಮಂಗಳೂರಿನಿಂದ ಬಂದ ನಮ್ಮ ಮುಸ್ಲಿಂ ಓದುಗರಿಗೆ ಇದನ್ನು ನಾನು ಹೇಳಬೇಕಿಲ್ಲ. ಉಳಿದವರ ಮಕ್ಕಳಿಗೆ ಗೊತ್ತಿರಲಿ ಎಂದು ಬರೆದೆ.

ಕ್ಯಾಥೊಲಿಕ್ ಚರ್ಚು ಗರ್ಭ ಕಟ್ಟಿದ ಕ್ಷಣದಿಂದಲೇ ಜೀವವನ್ನು ಕಾಪಾಡಬೇಕು ಎನ್ನುತ್ತದೆ. ಅದರ ಚರಿತ್ರೆಯಲ್ಲೂ ಎಣಿಕೆಯ ಕಾಲವೊಂದಿತ್ತು. ಗಂಡು ಭ್ರೂಣಕ್ಕೆ ನಲವತ್ತು ದಿನ, ಹೆಣ್ಣಿಗೆ ತೊಂಬತ್ತು ಎಂಬ ಅರಿಸ್ಟಾಟಲನ ಲೆಕ್ಕದ ನೆರಳಿನಲ್ಲಿ ಮಧ್ಯಯುಗದ ಪಂಡಿತರು ರೂಪುಗೊಂಡ, ರೂಪುಗೊಳ್ಳದ ಭ್ರೂಣ ಎಂದು ಭೇದ ಮಾಡುತ್ತಿದ್ದರು. 1869ರಲ್ಲಿ ಒಂಬತ್ತನೇ ಪಯಸ್ ಪೋಪರು ಶಿಕ್ಷೆಯಲ್ಲಿ ಆ ಭೇದವನ್ನು ತೆಗೆದರು.

ನಮ್ಮ ಆಯುರ್ವೇದವನ್ನು ತೆರೆದರೆ ಅಲ್ಲೂ ನಾಲ್ಕನೇ ತಿಂಗಳೇ ಗಡಿ. ಸುಶ್ರುತ ಸಂಹಿತೆಯ ಪ್ರಕಾರ ನಾಲ್ಕನೇ ತಿಂಗಳವರೆಗೆ ಕಳೆದುಹೋದದ್ದು ಗರ್ಭಸ್ರಾವ. ಶರೀರ ಗಟ್ಟಿಯಾದ ಐದು, ಆರನೇ ತಿಂಗಳಲ್ಲಿ ಆದದ್ದು ಗರ್ಭಪಾತ. ನಾಲ್ಕನೇ ತಿಂಗಳಲ್ಲಿ ಮಗುವಿನ ಹೃದಯ ವ್ಯಕ್ತವಾಗುವುದರಿಂದ ತಾಯಿ ಎರಡು ಹೃದಯದವಳಾಗುತ್ತಾಳೆ, ಅವಳ ಬಯಕೆ ಎರಡು ಜೀವಗಳ ಬಯಕೆ ಎನ್ನುತ್ತದೆ ಆ ಗ್ರಂಥ. ನಾವು ಬಸುರಿಯ ಬಯಕೆ ತೀರಿಸುವುದರ ಹಿಂದೆ ಇಂಥದೇ ಭಾವವಿದೆ. ಧರ್ಮಶಾಸ್ತ್ರಗಳು ಭ್ರೂಣಹತ್ಯೆಯನ್ನು ಮಹಾಪಾಪಗಳ ಸಾಲಿಗೆ ಸೇರಿಸಿದವು. ಅದೇ ಸಮಾಜ 1971ರಲ್ಲಿ ಗರ್ಭ ತೆಗೆಸುವುದನ್ನು ಕಾನೂನುಬದ್ಧಗೊಳಿಸಿದಾಗ ಬೀದಿಗಿಳಿದು ಗಲಾಟೆ ಮಾಡಲಿಲ್ಲ.

ಗಮನಿಸಿ: ಅರಬ್ಬಿ, ಗ್ರೀಕ್, ಸಂಸ್ಕೃತ ಪರಂಪರೆಗಳು ಮೂರೂ ಎಲ್ಲೋ ಮೊದಲ ಕೆಲವು ತಿಂಗಳಲ್ಲೇ ಗೆರೆಯೊಂದನ್ನು ಹುಡುಕಿದವು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಮಗು ಒದೆಯುವುದೇ ಅತಿ ದೊಡ್ಡ ಸಾಕ್ಷಿ. ಬ್ರಿಟಿಷರು 1860ರಲ್ಲಿ ನಮಗೆ ಬರೆದುಕೊಟ್ಟ ದಂಡಸಂಹಿತೆಯ 312ನೇ ಕಲಮಿನಲ್ಲೂ ಅದೇ ಲೆಕ್ಕ: ಸಾಮಾನ್ಯವಾಗಿ ಮೂರು ವರ್ಷದವರೆಗೆ ಸೆರೆ, ಮಗು ಅಲುಗಾಡತೊಡಗಿದ ಮೇಲಾದರೆ ಏಳು ವರ್ಷದವರೆಗೆ.

ಕಾನೂನಿನ ಲೆಕ್ಕ

ಯುಎಇಯ 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನು ಎರಡೇ ಸಂದರ್ಭಗಳಿಗೆ ಅವಕಾಶವಿಟ್ಟಿತ್ತು: ತಾಯಿಯ ಜೀವಕ್ಕೆ ಅಪಾಯ, ಮತ್ತು 120 ದಿನ ದಾಟದ ಭ್ರೂಣದಲ್ಲಿ ವೈದ್ಯರ ಸಮಿತಿ ದೃಢಪಡಿಸಿದ ಗಂಭೀರ ದೋಷ. 2023ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. 2024ರ 44ನೇ ಸಂಪುಟ ನಿರ್ಣಯದ ಮೂಲಕ ಅತ್ಯಾಚಾರದಿಂದಾದ ಬಸಿರು, ಹತ್ತಿರದ ರಕ್ತಸಂಬಂಧಿಯಿಂದಾದ ಬಸಿರು ಕೂಡ ಸೇರಿದವು. ಅದಕ್ಕೂ 120 ದಿನಗಳ ಮಿತಿ ಇದೆ, ಈ ದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿರಬೇಕೆಂಬ ಷರತ್ತೂ ಇದೆ. ತೀರ್ಮಾನ ಪರವಾನಗಿ ಪಡೆದ ಆಸ್ಪತ್ರೆ ಮತ್ತು ಆರೋಗ್ಯ ಪ್ರಾಧಿಕಾರದ ಸಮಿತಿಯ ಮೂಲಕವೇ ಆಗಬೇಕು.

ಮನೆಯಲ್ಲಿ ಬಸುರಿ ಇರುವವರು ಇಲ್ಲಿ ಒಂದು ಸರಳ ಗಣಿತ ಮಾಡಿ. 120 ದಿನ ಎಂದರೆ ಹದಿನೇಳು ವಾರ ಒಂದು ದಿನ. ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ ವೈದ್ಯರ ಫೈಲಿನಲ್ಲಿ ಅದು ಹತ್ತೊಂಬತ್ತು ವಾರ ಒಂದು ದಿನ. ಮಗುವಿನ ಅಂಗಾಂಗಗಳನ್ನು ವಿವರವಾಗಿ ನೋಡುವ ಅನಾಮಲಿ ಸ್ಕ್ಯಾನ್ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೆರಡನೇ ವಾರದ ನಡುವೆ. ಯಾವ ಲೆಕ್ಕ ಹಿಡಿದರೂ ಕೈಯಲ್ಲಿ ಸಮಯ ಕಡಿಮೆ. ಆದ್ದರಿಂದ ಹನ್ನೊಂದರಿಂದ ಹದಿನಾಲ್ಕನೇ ವಾರದ ಮೊದಲ ಸ್ಕ್ಯಾನನ್ನು ‘ಊರಿಗೆ ಹೋಗಿ ಬಂದ ಮೇಲೆ ಮಾಡಿಸಿದರಾಯ್ತು’ ಎಂದು ಮುಂದೂಡಬೇಡಿ. ನನ್ನ ಫೈಲಿನ ಪ್ರಕಾರ 120ನೇ ದಿನ ಯಾವತ್ತು ಎಂದು ವೈದ್ಯರನ್ನು ಮೊದಲ ಭೇಟಿಗಳಲ್ಲೇ ಕೇಳಿ. ಬೇಕಾಗದೇ ಇರಲಿ ಎಂದು ಹಾರೈಸುತ್ತಲೇ ಕೇಳಿಟ್ಟುಕೊಳ್ಳಬೇಕಾದ ಪ್ರಶ್ನೆ ಇದು.

ಊರಿನ ಲೆಕ್ಕ ಬೇರೆ. ಭಾರತದ 1971ರ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾಗಿ, ಇಪ್ಪತ್ತು ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ ಇಪ್ಪತ್ತನಾಲ್ಕರವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ಅದಾದ ಮೇಲೂ ಅನುಮತಿಸಬಹುದು. ಹಾಗಿದ್ದರೂ ಭಾರತದಲ್ಲಿ ಇದು ‘ಬೇಕೆಂದಾಗ ಪಡೆಯುವ ಹಕ್ಕು’ ಅಲ್ಲ. ಆ ಹಳೆಯ 312ನೇ ಕಲಮು ಇಂದಿನ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಾಗಿ ಮುಂದುವರಿದಿದೆ. 1971ರ ಕಾನೂನು ಅದಕ್ಕೆ ಅಪವಾದ ಮಾತ್ರ.

ಹಳೆಯ ತೀರ್ಪುಗಳಿಗೆ ನ್ಯಾಯಾಲಯ ಬದ್ಧವಾಗಿರಬೇಕೇ ಎಂಬುದು ಈ ವಾದದ ಇನ್ನೊಂದು ಎಳೆ. 1973ರ ‘ರೋ ವಿರುದ್ಧ ವೇಡ್’ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ರದ್ದು ಮಾಡಿತು. ಸುಮಾರು ಐವತ್ತು ವರ್ಷ ಇದ್ದ ಹಕ್ಕು ರಾಜ್ಯಗಳ ಮರ್ಜಿಗೆ ಬಿತ್ತು. ನಮ್ಮಲ್ಲಿ ಇದಕ್ಕೆ ತಿರುಗುಮುರುಗಾಗಿ ನಡೆದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 1954 ಮತ್ತು 1962ರ ತೀರ್ಪುಗಳ ಮಾತನ್ನು ಬದಿಗಿಟ್ಟು, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆಧಾರ್ ಕಾರ್ಡಿನಿಂದ ಶುರುವಾದ ಆ ಮೊಕದ್ದಮೆಯ ಫಲ ಹೆಣ್ಣಿನ ದೇಹದವರೆಗೂ ಮುಟ್ಟಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇಪ್ಪತ್ತನಾಲ್ಕು ವಾರಗಳ ಅವಕಾಶ ಅವಿವಾಹಿತರಿಗೂ ಉಂಟು ಎಂದಿತು. 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಇಪ್ಪತ್ತಾರು ವಾರ ದಾಟಿದ್ದ ಇಬ್ಬರು ಮಕ್ಕಳ ತಾಯಿಯೊಬ್ಬರ ಕೋರಿಕೆಯನ್ನು ಒಪ್ಪಲಿಲ್ಲ. ಅಂದರೆ ಪೂರ್ವನಿದರ್ಶನ ಎಂಬುದು ಕಲ್ಲಿನ ಮೇಲಿನ ಬರಹವಲ್ಲ. ಹಕ್ಕು ಹಿಗ್ಗುವುದೂ ಉಂಟು, ಕುಗ್ಗುವುದೂ ಉಂಟು.

ಆಯ್ಕೆ ಯಾರದ್ದು?

ದೊಡ್ಡ ಮಕ್ಕಳ ಜೊತೆ ಮಾತಾಡುವಾಗ ಇನ್ನೆರಡು ಸಂಗತಿ ಬಿಡಬೇಡಿ. ಒಂದು, ಮಂಡ್ಯದ್ದು. 2023ರ ಕೊನೆಯಲ್ಲಿ ಆ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡಿ, ಹೆಣ್ಣಾದರೆ ತೆಗೆಸುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರು. ಇಲ್ಲಿ ದುಬೈಯಲ್ಲಿ ಗಂಡೋ ಹೆಣ್ಣೋ ಎಂದು ವೈದ್ಯರು ಸಲೀಸಾಗಿ ಹೇಳುತ್ತಾರೆ, ನಾವು ಗುಲಾಬಿ, ನೀಲಿ ಕೇಕು ಕತ್ತರಿಸುತ್ತೇವೆ. ಊರಿನಲ್ಲಿ ಹಾಗೆ ಹೇಳುವುದು 1994ರ ಕಾಯಿದೆಯಡಿ ಯಾಕೆ ಅಪರಾಧ ಎಂದು ಮಕ್ಕಳಿಗೆ ಗೊತ್ತಿರಬೇಕು. ‘ಆಕೆಯ ಆಯ್ಕೆ’ ಎನ್ನುವ ಮಾತಿನ ಹಿಂದೆ ಕೆಲವೊಮ್ಮೆ ಅತ್ತೆಮಾವನ ಆಯ್ಕೆ, ಗಂಡನ ಆಯ್ಕೆ ಅಡಗಿರುತ್ತದೆ.

ಎರಡನೆಯದು, ‘ದೋಷ’ ಎಂಬ ಪದ. ಡೌನ್ ಸಿಂಡ್ರೋಮ್ ಇರುವ ಮಗುವಿನ ತಾಯಿ ಈ ಅಂಕಣ ಓದುತ್ತಿರಬಹುದು. ಭ್ರೂಣದ ದೋಷ ಎಂದು ಕಾನೂನು ಬರೆದಾಗ ಆಕೆಯ ಎದೆಯಲ್ಲಿ ಏನಾಗುತ್ತದೆ? ಹುಟ್ಟಿದ ಕೆಲವೇ ಗಂಟೆಯಲ್ಲಿ ಸಾಯುವುದು ಖಚಿತವಾದ ಮಗುವನ್ನು ಹೊರಬೇಕಾದ ಇನ್ನೊಬ್ಬ ತಾಯಿಯ ಎದೆಯಲ್ಲಿ ಏನಾಗುತ್ತದೆ? ಎರಡೂ ನಿಜವಾದ ನೋವುಗಳೇ. ಒಂದನ್ನು ಹಿಡಿದು ಇನ್ನೊಂದನ್ನು ಹೊಡೆಯುವುದು ಡಿಬೇಟಿನಲ್ಲಿ ಅಂಕ ತರಬಹುದು, ಮನೆಯಲ್ಲಿ ಬೇಡ.

ಮನೆಯಲ್ಲಿ ಹೇಗೆ ಮಾತಾಡೋಣ

ಆರೇಳು ವರ್ಷದ ಮಗುವಿಗೆ ಇಷ್ಟು ಸಾಕು: ಕೆಲವು ಸಲ ಹೊಟ್ಟೆಯಲ್ಲಿರುವ ಮಗು ಬೆಳೆಯುವುದಿಲ್ಲ, ಅದು ಯಾರ ತಪ್ಪೂ ಅಲ್ಲ, ಆಗ ಎಲ್ಲರಿಗೂ ಬೇಸರವಾಗುತ್ತದೆ. ಕಳೆದುಹೋದ ಬಸಿರು ನಿಮ್ಮ ಮನೆಯದ್ದೇ ಆಗಿದ್ದರೆ ಕನ್ನಡದಲ್ಲೇ ಹೇಳಿ. ದುಃಖದ ಮಾತುಗಳು ಇಂಗ್ಲಿಷಿನಲ್ಲಿ ಮಾತ್ರ ಇವೆ ಎಂದು ಮಗು ಅಂದುಕೊಂಡರೆ ಆಮೇಲೆ ಅದು ತನ್ನ ದುಃಖವನ್ನು ಅಜ್ಜಿಯ ಬಳಿ ಹೇಳಿಕೊಳ್ಳಲಾರದು.

ಹತ್ತು ಹನ್ನೆರಡರ ಮಕ್ಕಳಿಗೆ ‘ಆಯಿತು’, ‘ಮಾಡಿಸಿಕೊಂಡರು’ ವ್ಯತ್ಯಾಸ ಹೇಳಿ. ವೈದ್ಯರು ಕೆಲವೊಮ್ಮೆ ತಾಯಿಯನ್ನು ಉಳಿಸಲು ಬಸಿರನ್ನು ಮುಗಿಸಬೇಕಾಗುತ್ತದೆ ಎನ್ನಿ. ಎಲ್ಲ ದೇಶಗಳಲ್ಲೂ ಒಂದೇ ನಿಯಮವಿಲ್ಲ ಎಂಬುದನ್ನು ತಿಳಿಸಿ.

ಹದಿನಾಲ್ಕು ದಾಟಿದವರಿಗೆ ಒಂದು ಅಭ್ಯಾಸ ಕೊಡಿ. ಅವರು ಕೇಳಿಸಿಕೊಂಡ ಯಾವುದೇ ವಾಕ್ಯವನ್ನು ಎತ್ತಿಕೊಂಡು ಕೇಳಲಿ: ಇದು ವಿಜ್ಞಾನದ ಮಾತೋ, ನಂಬಿಕೆಯ ಮಾತೋ, ಕಾನೂನಿನ ಮಾತೋ? ‘ಆರನೇ ವಾರಕ್ಕೆ ಮಿಡಿತ ಕಾಣಿಸುತ್ತದೆ’ ವಿಜ್ಞಾನ. ‘ಆದ್ದರಿಂದ ಅದು ಪಾಪ’ ನಂಬಿಕೆ. ‘120 ದಿನದೊಳಗೆ’ ಕಾನೂನು. ನಿಮ್ಮ ಮನೆಯ ನಂಬಿಕೆ ಏನಿದೆಯೋ ಅದನ್ನು ನಾಚಿಕೆಯಿಲ್ಲದೆ ಹೇಳಿ, ‘ನಾವು ಹೀಗೆ ನಂಬುತ್ತೇವೆ’ ಎಂದು ಹೇಳಿ. ‘ಎಲ್ಲರಿಗೂ ಗೊತ್ತಿರುವ ಸತ್ಯ’ ಎನ್ನಬೇಡಿ. ಮಕ್ಕಳಿಗೆ ಅಪ್ಪಅಮ್ಮನ ನಂಬಿಕೆ ಬೇಕು; ಅದರ ಜೊತೆ ಪಕ್ಕದ ಬೆಂಚಿನ ಗೆಳತಿಯ ನಂಬಿಕೆಯನ್ನು ಗೌರವಿಸುವ ದಾರಿಯೂ ಬೇಕು.

ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ, ಕೊನೆಯಲ್ಲಿ ಒಂದು ಮಾತು ಹೇಳಿಡಿ. ಮುಂದೆ ಓದಲು ಐರ್ಲೆಂಡಿಗೆ ಹೋಗಲಿ, ಟೆಕ್ಸಸ್ಸಿಗೆ ಹೋಗಲಿ, ಬೆಂಗಳೂರಿಗೆ ಮರಳಲಿ, ವೀಸಾ, ಬಾಡಿಗೆ, ಹವಾಮಾನ ವಿಚಾರಿಸುವಂತೆ ಅಲ್ಲಿನ ಈ ಕಾನೂನನ್ನೂ ಒಮ್ಮೆ ಓದಿಕೊಳ್ಳಲಿ. ಏನಾದರೂ ತೊಂದರೆಯಾದರೆ ಮೊದಲು ಮನೆಗೆ ಫೋನ್ ಮಾಡಬಹುದು, ನಾವು ಬೈಯುವ ಮೊದಲು ಕೇಳಿಸಿಕೊಳ್ಳುತ್ತೇವೆ ಎಂಬ ನಂಬಿಕೆ ಅವರಿಗಿರಲಿ. ಆ ಫೋನ್ ಯಾವ ಭಾಷೆಯಲ್ಲಿ ಬಂದರೂ ಸರಿ.